ಚಿಕ್ಕಮೂಗಿನ ಸ್ನಾನ

ಬಚ್ಚಲಿನ ಗೂಡಿನಲ್ಲಿ ಸೋಪು ಇರಲಿಲ್ಲ. ಎಷ್ಟೋ ಗಂಡಸರಿಗೆ ಹೀಗಾಗುತ್ತದೆ. ಅವರು ಬಾಗಿಲು ಒಂದಿಷ್ಟು ತೆರೆದು ಕೂಗುತ್ತಾರೆ, ಒಂದು ಕೈ ಬಂದು ಸೋಪು ಕೊಟ್ಟು ಹೋಗುತ್ತದೆ, ಅಲ್ಲಿಗೆ ಕತೆ ಮುಗಿಯುತ್ತದೆ. ಚಿಕ್ಕಮೂಗಿನ ಕತೆ ಮುಗಿಯಲಿಲ್ಲ, ಏಕೆಂದರೆ ಅವನ ಸೋಪು ಅಂಥಿಂಥ ಸೋಪಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನೊರೆಯೂ ಅಷ್ಟಕ್ಕಷ್ಟೇ. ಔಷಧಿ ಅಂಗಡಿಯವನು ಅದನ್ನು ಅವನೊಬ್ಬನಿಗಾಗಿಯೇ ತರಿಸಿಕೊಡುತ್ತಿದ್ದ.

ಚಿಕ್ಕಮೂಗು ಎನ್ನುವುದು ಕಚೇರಿಯವರು ಇಟ್ಟ ಹೆಸರು. ಮೂಗು ನೋಡಿ ಇಟ್ಟದ್ದಲ್ಲ, ಹುದ್ದೆ ನೋಡಿ ಇಟ್ಟದ್ದು. ಚಹಾಪುಡಿ ಕಂಪನಿಯೊಂದರಲ್ಲಿ ಅವನು ರುಚಿ ನೋಡುವವನು. ಬೆಳಿಗ್ಗೆ ಸಾಲಾಗಿ ಇಟ್ಟ ಕಪ್ಪುಗಳನ್ನು ಒಂದೊಂದಾಗಿ ಮೂಸಿ, ಸುರ್ ಎಂದು ಎಳೆದು, ಬಾಯಲ್ಲಿ ಸುತ್ತಿಸಿ, ಬಕೆಟ್ಟಿಗೆ ಉಗುಳಿ, ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಬೇಕು. ಅವನ ಮೇಲೆ ಮುಖ್ಯ ಪರೀಕ್ಷಕರೊಬ್ಬರು ಇದ್ದರು. ಅವರು ದೊಡ್ಡಮೂಗು. ಇಬ್ಬರೂ ಕೂರುವ ಕೋಣೆಯ ಬಾಗಿಲಿಗೆ ಒಂದು ಬೋರ್ಡು ನೇತಾಡುತ್ತಿತ್ತು: ಸೆಂಟು, ಪೌಡರು, ತಲೆಗೆಣ್ಣೆ ಹಾಕಿಕೊಂಡವರಿಗೆ ಪ್ರವೇಶವಿಲ್ಲ. ಹೀಗಾಗಿ ಕಳೆದ ಒಂಬತ್ತು ವರ್ಷಗಳಿಂದ ಚಿಕ್ಕಮೂಗು ತೊಳೆದಿಟ್ಟ ಗಾಜಿನ ಲೋಟದ ಹಾಗೆ ಯಾವ ವಾಸನೆಯೂ ಇಲ್ಲದೆ ಬದುಕಿದ್ದ.

ಅವತ್ತು ಆ ಒಂಬತ್ತು ವರ್ಷಗಳ ಫಲ ಕೈಗೆ ಬರುವ ದಿನ. ದೊಡ್ಡಮೂಗು ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಹನ್ನೊಂದು ಗಂಟೆಗೆ ಇಪ್ಪತ್ತು ಕಪ್ಪುಗಳ ಪರೀಕ್ಷೆ. ಇಬ್ಬರೂ ಮಾತಾಡದೆ ಬೇರೆ ಬೇರೆಯಾಗಿ ಅಂಕ ಬರೆಯಬೇಕು. ಹದಿನಾರು ಕಪ್ಪಿನ ಅಂಕ ಹೊಂದಿಕೆಯಾದರೆ ಮುಖ್ಯ ಪರೀಕ್ಷಕರ ಕುರ್ಚಿ ಚಿಕ್ಕಮೂಗಿಗೆ. ಆ ಕುರ್ಚಿಗೆ ಕೈ ಇದೆ, ಅದು ತಿರುಗುತ್ತದೆ ಕೂಡ. ಅದು ತನ್ನದೇ ಎಂದು ಅವನು ಅತ್ತೆಗೂ ಫೋನು ಮಾಡಿ ಹೇಳಿಯಾಗಿತ್ತು. ಇನ್ನು ಹಿಂದೆ ಸರಿಯುವಂತಿರಲಿಲ್ಲ.

"ನನ್ನ ಸೋಪು ಎಲ್ಲೇ?" ಎಂದು ಅವನು ಕೂಗಿದ.

"ಅದನ್ನ ಕರಗಿಸಿಬಿಟ್ಟೆ ರೀ," ಎಂದು ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ಹೇಗೂ ಅದಕ್ಕೆ ತನ್ನದು ಅಂತ ಒಂದು ವಾಸನೆ ಇರ್ಲಿಲ್ವಲ್ಲ. ಹೊಸ ಸೋಪು ಮಾಡೋಕೆ ಹೇಳಿ ಮಾಡಿಸಿದ ಹಾಗಿತ್ತು. ನಾಲ್ಕೂ ಬಿಲ್ಲೆ ಹಾಕ್ದೆ."

ಹೆಂಡತಿ ಮೂರು ತಿಂಗಳಿಂದ ಮನೆಯಲ್ಲೇ ಸುವಾಸನೆಯ ಸ್ನಾನದ ಸಾಮಾನು ತಯಾರಿಸಲು ಶುರು ಮಾಡಿದ್ದಳು. ಬೇಳೆ ಡಬ್ಬಗಳು ನೆಲಕ್ಕಿಳಿದು, ಅವುಗಳ ಜಾಗದಲ್ಲಿ ಸೀಸೆಗಳು ಕುಳಿತಿದ್ದವು. ಪ್ರತಿ ಸೀಸೆಯ ಮೇಲೂ ಹಸಿರು ಅಕ್ಷರದಲ್ಲಿ 'ಯಾವ ಪ್ರಾಣಿಯ ಮೇಲೂ ಪ್ರಯೋಗಿಸಿಲ್ಲ' ಎಂದು ಅಚ್ಚು ಹಾಕಿಸಿದ್ದಳು. ಅದು ಅಕ್ಷರಶಃ ಸತ್ಯ. ಪ್ರಯೋಗವೆಲ್ಲ ಪ್ರತಿ ರಜಾದಿನ ಗಂಡನ ಮೇಲೆ, ಅದೂ ಮೊಣಕೈಯ ಮೇಲೆ ಒಂದೇ ಒಂದು ಹನಿ, ನಡೆಯುತ್ತಿತ್ತು.

"ಹಾಗಾದ್ರೆ ಬರೀ ನೀರು ಹುಯ್ಕೊಂಡು ಹೋಗ್ತೀನಿ," ಎಂದ ಚಿಕ್ಕಮೂಗು.

"ನಾಳೆ ಪ್ರದರ್ಶನದಲ್ಲಿ ನನಗೊಂದು ಮೇಜು ಕೊಟ್ಟಿದ್ದಾರೆ. ನೀವು ನೋಡ್ದೆ ಹೇಗೆ ಇಡ್ಲಿ? ನಿಮ್ಮಂಥ ಮೂಗು ಈ ಊರಲ್ಲಿ ಇನ್ಯಾರಿಗಿದೆ ಹೇಳಿ."

"ಇವತ್ತು ಪರೀಕ್ಷೆ ಕಣೇ."

"ಗೊತ್ತು. ಹತ್ತು ನಿಮಿಷದಲ್ಲಿ ಪರಿಮಳ ಹಾರಿಹೋಗುತ್ತೆ. ನನ್ನ ಸಾಮಾನಿನ ದೊಡ್ಡ ತೊಂದ್ರೆನೇ ಅದು, ನಿಲ್ಲೋದೇ ಇಲ್ಲ. ತಗೊಂಡೋರೆಲ್ಲ ಬೈತಿದ್ದಾರೆ."

ಹೊಗಳಿಕೆಗೆ ಕರಗದ ಗಂಡಸು ಎಲ್ಲೋ ಇರಬಹುದು. ಆದರೆ ಅವತ್ತು ಆ ಬಚ್ಚಲಿನಲ್ಲಿ ಇರಲಿಲ್ಲ. ಚಿಕ್ಕಮೂಗು ಗುಲಾಬಿಯ ಉಪ್ಪಿನಿಂದ ಮೈ ಉಜ್ಜಿದ, ಲ್ಯಾವೆಂಡರ್ ನೊರೆಯಲ್ಲಿ ಮಿಂದ, ಪುದೀನ ಶಾಂಪೂವಿನಿಂದ ತಲೆ ತೊಳೆದ, ಹೊರಗೆ ಬಂದು ಕಿತ್ತಳೆಯ ಲೋಷನ್ನನ್ನೂ ವೆನಿಲಾದ ಬೆಣ್ಣೆಯನ್ನೂ ಬಳಿದುಕೊಂಡ. ಹೆಂಡತಿ ನೋಟ್‌ಬುಕ್ಕು ಹಿಡಿದು ಎದುರಿಗೇ ನಿಂತಿದ್ದಳು.

"ಗುಲಾಬಿ ಸುಮಾರಾಗಿದೆ, ಆದ್ರೆ..." ಎಂದು ಅವನು ಬಾಯಿ ತೆರೆದ.

"ನೀವು ಏನೂ ಹೇಳೋದು ಬೇಡ," ಎಂದು ಅವಳು ತಡೆದಳು. "ನಿಮ್ಮ ಮುಖದಲ್ಲೇ ಎಲ್ಲಾ ಬರ್ದಿರುತ್ತೆ. ಎಡ ಹುಬ್ಬು ಎದ್ರೆ ಚೆನ್ನಾಗಿದೆ ಅಂತ. ಮೂಗಿನ ತುದಿ ಸುಕ್ಕಾದ್ರೆ ಬಿಸಾಕ್ಬೇಕು ಅಂತ. ಬಾಯಿಬಿಟ್ರೆ ನೀವೇ ಗೊಂದಲ ಮಾಡ್ತೀರಿ."

ಹತ್ತು ನಿಮಿಷವಾಯಿತು. ಇಪ್ಪತ್ತು ನಿಮಿಷವಾಯಿತು. ಪರಿಮಳ ಹಾರಿಹೋಗುವ ಬದಲು ಮೈಮೇಲೆ ಚಾಪೆ ಹಾಸಿ ಕುಳಿತುಬಿಟ್ಟಿತು.

"ಹೋಗ್ತಾನೇ ಇಲ್ವಲ್ಲೇ," ಎಂದ ಚಿಕ್ಕಮೂಗು.

"ನಿಜವಾಗ್ಲೂ?" ಹೆಂಡತಿಯ ಮುಖ ಊರಗಲವಾಯಿತು. "ನಿಲ್ಲಲಿ ಅಂತ ನಿನ್ನೆ ಒಂದು ಹೊಸ ಎಣ್ಣೆ ಸೇರಿಸಿದ್ದೆ. ಕೆಲ್ಸ ಮಾಡಿದೆ ನೋಡಿ." ಅವಳು ನೋಟ್‌ಬುಕ್ಕಿನಲ್ಲಿ ಏನನ್ನೋ ಬರೆದು ಅದರ ಕೆಳಗೆ ಎರಡು ಗೆರೆ ಎಳೆದಳು.

ಚಿಕ್ಕಮೂಗು ಮತ್ತೆ ಬಚ್ಚಲಿಗೆ ಓಡಿ ಎರಡು ಬಕೆಟ್ಟು ಬಿಸಿನೀರು ಹುಯ್ದುಕೊಂಡ. ಬಿಸಿನೀರಿಗೆ ಪರಿಮಳ ಇನ್ನಷ್ಟು ಅರಳಿ, ಕಿಟಕಿ ದಾಟಿ, ಮೆಟ್ಟಿಲಿಳಿದು, ಕೆಳಮನೆಯ ಬಾಗಿಲು ತಟ್ಟಿತು. ಕೆಳಮನೆಯಲ್ಲಿದ್ದವರು ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರು. ನಿವೃತ್ತಿಯಾದ ಮೇಲೆ ಪಾಠ ಕೇಳುವವರು ಸಿಗದೆ ಒದ್ದಾಡುತ್ತಿದ್ದ ಜೀವ ಅದು. ಕರೆಯದೆಯೇ ಮೇಲೆ ಬಂದರು.

"ಇದು ಎಣ್ಣೆಯ ಅಂಶ. ನೀರಿಗೆ ಜಗ್ಗೋದಿಲ್ಲ," ಎಂದು ಮೇಷ್ಟ್ರು ತೀರ್ಪು ಕೊಟ್ಟರು. "ವಿನೆಗರ್ ಇದೆಯೇನಮ್ಮ?"

ವಿನೆಗರ್ ಇತ್ತು. ಅರ್ಧ ಬಾಟಲಿಯನ್ನು ಮೇಷ್ಟ್ರೇ ಮುಂದೆ ನಿಂತು ಹುಯ್ಯಿಸಿದರು. ಐದು ನಿಮಿಷದಲ್ಲಿ ಚಿಕ್ಕಮೂಗು ಉಪ್ಪಿನಕಾಯಿ ಜಾಡಿಯೊಳಗೆ ಬಿದ್ದ ಹೂವಿನ ಬುಟ್ಟಿಯ ಹಾಗೆ ನಾರತೊಡಗಿದ. ಆ ನಾತಕ್ಕೆ ಮೇಲಿನ ಮನೆಯ ಆಂಟಿ ಇಳಿದುಬಂದರು.

"ಮೇಷ್ಟ್ರೇ, ನಿಮ್ಮ ಪುಸ್ತಕ ಪಕ್ಕಕ್ಕಿಡಿ," ಎಂದರು ಆಂಟಿ. "ಸೆಂಟಿನ ಅಂಗಡಿಯಲ್ಲಿ ಏನಿಟ್ಟಿರ್ತಾರೆ ನೋಡಿಲ್ವಾ? ಕಾಫಿಪುಡಿ. ಎಂಥಾ ವಾಸನೆ ಇದ್ರೂ ಎಳ್ಕೊಂಡುಬಿಡುತ್ತೆ. ಮೈಗೆಲ್ಲ ತಿಕ್ಕಿಸಿ."

"ಅಂಗಡಿಯಲ್ಲಿ ಅದನ್ನ ಮೂಸೋಕೆ ಇಡ್ತಾರಮ್ಮ, ತಿಕ್ಕೋಕಲ್ಲ," ಎಂದು ಮೇಷ್ಟ್ರು ರೇಗಿದರು.

"ಮೂಸಿದ್ರೇ ಅಷ್ಟು ಗುಣ ಅಂದ್ಮೇಲೆ ತಿಕ್ಕಿದ್ರೆ ಎಷ್ಟಿರ್ಬೇಕು."

ಮೇಷ್ಟ್ರು ವಿನೆಗರ್ ಬಾಟಲಿಗೆ ಮುಚ್ಚಳ ಹಾಕಿದರು. ಚಿಕ್ಕಮೂಗು ಕಾಫಿಪುಡಿ ತಿಕ್ಕಿಕೊಂಡ. ತೊಳೆದಷ್ಟೂ ಅದು ರೋಮರೋಮಕ್ಕೆ ಇಳಿಯಿತು. ತಾನು ಹೊರಟಿರುವುದು ಚಹಾ ಕಂಪನಿಗೆ ಎಂಬುದು ಅವನಿಗೆ ನೆನಪಾದದ್ದು ಬಸ್ಸು ಹತ್ತಿದ ಮೇಲೆ.

ಬಸ್ಸಿನಲ್ಲಿ ಮೂರು ಜನರ ಸೀಟಿನಲ್ಲಿ ಅವನೊಬ್ಬನೇ ಕುಳಿತ. ಅಷ್ಟು ಗೌರವ ಅವನಿಗೆ ಯಾವತ್ತೂ ಸಿಕ್ಕಿರಲಿಲ್ಲ. ಕಂಪನಿಯ ಗೇಟಿನಲ್ಲಿ ಕಾವಲುಗಾರ ಸಲಾಂ ಹೊಡೆಯಲು ಎತ್ತಿದ ಕೈಯನ್ನು ಹಾಗೇ ಮೂಗಿಗೆ ಒಯ್ದ. ಉಗ್ರಾಣದವನಂತೂ ಅವನನ್ನು ಮೂಟೆಗಳ ಹಿಂದಕ್ಕೆ ಎಳೆದುಕೊಂಡು ಹೋದ.

"ಏನ್ ಗುರುವೇ ಇದು, ಮದುವೆ ಮನೆಗೆ ಬೆಂಕಿ ಬಿದ್ದಂಗೆ ವಾಸನೆ? ಕಾಫಿ ಬೇರೆ ನಾರ್ತಿದೀಯ. ಎದುರಿಗಿರೋ ಕಾಫಿ ಕಂಪನಿಗೆ ಸೇರ್ಕೊಂಡ್ಯಾ ಅಂತಾರೆ ಮಾಲೀಕರು."

"ಅದು ಹೋಗ್ಲಿ, ನನಗೇ ಚಹಾದ ವಾಸನೆ ಬರ್ತಿಲ್ಲ ಮಾರಾಯ," ಎಂದು ಚಿಕ್ಕಮೂಗು ಗೋಳಾಡಿದ.

"ಅಷ್ಟೇ ತಾನೇ?" ಉಗ್ರಾಣದವನು ಜೇಬಿನಿಂದ ನೆಗಡಿಯ ಮುಲಾಮು ತೆಗೆದ. "ಎರಡೂ ಹೊಳ್ಳೆಗೆ ಒಂದೊಂದು ಬೆರಳು ಹಚ್ಚು. ದಾರಿ ಸಲೀಸಾಗುತ್ತೆ."

ಹಚ್ಚಿದ. ಮೊದಲು ಕಣ್ಣಲ್ಲಿ ನೀರು ಬಂತು. ಆಮೇಲೆ ಹದಿನೇಳು ಸೀನು ಬಂದವು. ಅದಾದ ಮೇಲೆ ಏನೂ ಬರಲಿಲ್ಲ. ಉಗ್ರಾಣದವನು ಒಂದು ಹಿಡಿ ಚಹಾಪುಡಿ ತಂದು ಅವನ ಮೂಗಿಗೆ ಹಿಡಿದ. ಚಿಕ್ಕಮೂಗಿಗೆ ಅದು ಮರಳಾಗಿದ್ದರೂ ಒಂದೇ ಆಗಿತ್ತು. ನಾಲಿಗೆಗೆ ಹಾಕಿ ನೋಡಿದ, ಅಲ್ಲಿಯೂ ಬರೀ ಮುಲಾಮು.

ಗಂಟೆ ಹನ್ನೊಂದಾಯಿತು. ಅವನು ಪರೀಕ್ಷೆಯ ಕೋಣೆಗೆ ಹೋದ. ಹೊರಗಿನ ವಾಸನೆ ಸೇರಬಾರದೆಂದು ಮಾಲೀಕರೂ ಒಳಗೆ ಬರುವಂತಿರಲಿಲ್ಲ. ಗಾಜಿನ ಗೋಡೆಯಾಚೆ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಒಳಗೆ ದೊಡ್ಡಮೂಗು ಒಬ್ಬರೇ. ಚಿಕ್ಕಮೂಗು ತಲೆ ತಗ್ಗಿಸಿ ನಿಂತ. ಬಾಗಿಲಾಚೆ ಯಾರಾದರೂ ಈರುಳ್ಳಿ ಹೆಚ್ಚಿದ ಕೈಯಲ್ಲಿ ನಡೆದುಹೋದರೂ ಹಿಡಿಯುವ ಮೂಗು ದೊಡ್ಡಮೂಗಿನದು ಎಂದು ಕಚೇರಿಯಲ್ಲಿ ಪ್ರತೀತಿ. ಈಗ ಬೈಗುಳದ ಮಳೆ ಸುರಿಯುತ್ತದೆ ಎಂದು ಅವನು ಕಾದ.

"ಎರಡು ನಿಮಿಷ ಲೇಟು," ಎಂದರು ದೊಡ್ಡಮೂಗು. "ಕೂತ್ಕೊಳ್ಳಿ."

ಅಷ್ಟೇ. ನಿವೃತ್ತಿಯ ಹೊತ್ತಿಗೆ ಮನುಷ್ಯನ ಮನಸ್ಸು ಎಷ್ಟು ಮೆತ್ತಗಾಗುತ್ತದೆ ಎಂದುಕೊಂಡ ಚಿಕ್ಕಮೂಗಿನ ಕಣ್ಣು ತುಂಬಿತು. ಅದರಲ್ಲಿ ಮುಲಾಮಿನ ಪಾಲೂ ಇತ್ತು.

ಮೊದಲ ಕಪ್ಪು. ಎಳೆದ, ಸುತ್ತಿಸಿದ, ಉಗುಳಿದ. ಬಿಸಿನೀರು ಎನ್ನುವುದಕ್ಕಿಂತ ಹೆಚ್ಚಿಗೆ ಏನೂ ತಿಳಿಯಲಿಲ್ಲ. ಆಗ ಅವನಿಗೆ ಬೆಳಗಿನ ಹೆಂಡತಿಯ ಮಾತು ನೆನಪಾಯಿತು. ಮುಖದಲ್ಲೇ ಎಲ್ಲಾ ಬರೆದಿರುತ್ತದೆ. ದೊಡ್ಡಮೂಗಿನ ಮುಖದಲ್ಲೂ ಏನಾದರೂ ಬರೆದಿರಬೇಕಲ್ಲ. ಅವನು ಕಪ್ಪಿನ ಅಂಚಿನ ಮೇಲಿಂದ ಕದ್ದು ನೋಡಿದ. ದೊಡ್ಡಮೂಗು ಅವನನ್ನೇ ನೋಡುತ್ತಿದ್ದರು. ಇಬ್ಬರೂ ಒಂದು ಗಳಿಗೆ ಕಣ್ಣು ಮಿಟುಕಿಸದೆ ಕುಳಿತರು. ಅಷ್ಟರಲ್ಲಿ ಮುಲಾಮು ಕಣ್ಣಿಗೆ ಚುರುಕ್ಕೆಂದು, ಚಿಕ್ಕಮೂಗಿನ ಎಡ ಹುಬ್ಬು ತನ್ನಷ್ಟಕ್ಕೆ ಹಾರಿತು. ತಕ್ಷಣ ದೊಡ್ಡಮೂಗು ತೃಪ್ತಿಯಿಂದ ತಲೆಯಾಡಿಸಿ, ಕಾಗದದ ಮೇಲೆ ಒಂದು ಸೊನ್ನೆ, ಅದಕ್ಕೊಂದು ಬಾಲ ಎಳೆದರು. ಒಂಬತ್ತಿರಬೇಕು. ಚಿಕ್ಕಮೂಗೂ ಒಂಬತ್ತು ಬರೆದ.

ಆಮೇಲೆ ಎಲ್ಲ ಸುಲಭವಾಯಿತು. ಸೀನು ಬರುವಂತಾಗಿ ಚಿಕ್ಕಮೂಗಿನ ಮೂಗು ಸುಕ್ಕಾದಾಗ ದೊಡ್ಡಮೂಗು ಮುಖ ಕಿವುಚಿ ಪೆನ್ನಿನಿಂದ ಒಂದೇ ಗೀರು ಎಳೆಯುತ್ತಿದ್ದರು. ಒಂದು. ಕಣ್ಣು ಉರಿದು ಹುಬ್ಬು ಹಾರಿದಾಗ ಒಂಬತ್ತು. ಏನೂ ಆಗದಿದ್ದಾಗ ಇಬ್ಬರೂ ಕಾದು ಕಾದು ಐದು ಬರೆಯುತ್ತಿದ್ದರು. ಎಂಥ ಮಹಾನುಭಾವರು, ನನಗೆ ತಿಳಿಯಲೆಂದೇ ಇಷ್ಟು ದೊಡ್ಡದಾಗಿ ಅಂಕ ಬರೆಯುತ್ತಿದ್ದಾರೆ ಎಂದು ಚಿಕ್ಕಮೂಗು ಮನಸ್ಸಿನಲ್ಲೇ ಅವರ ಕಾಲಿಗೆ ಬಿದ್ದ.

ಅರ್ಧ ಗಂಟೆಯ ಮೇಲೆ ಮಾಲೀಕರು ಇಬ್ಬರನ್ನೂ ತಮ್ಮ ಕೋಣೆಗೆ ಕರೆದರು. ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಒಂದು ಸಲ ಮೂಗು ಮುಚ್ಚಿಕೊಂಡು ಕಿಟಕಿ ತೆರೆಸಿ, ಮತ್ತೆ ಕುಳಿತರು.

"ಇಪ್ಪತ್ತಕ್ಕೆ ಇಪ್ಪತ್ತು," ಎಂದರು ಅವರು. "ಇಷ್ಟು ವರ್ಷದಲ್ಲಿ ಹೀಗಾಗಿದ್ದು ನಾನು ನೋಡಿಲ್ಲ. ಹದಿಮೂರನೇ ಕಪ್ಪು ಗೊತ್ತಾ? ಗೋಡೌನಿನ ಮೂಲೇಲಿ ನೆನೆದು ಬಿದ್ದಿದ್ದ ಮೂಟೆ. ಬಿಸಾಕೋಣ ಅಂತಿದ್ದೆ. ಇಬ್ಬರೂ ಒಂಬತ್ತು ಕೊಟ್ಟಿದ್ದೀರಿ. ಸದ್ಯ, ಉಳೀತು. ಅದನ್ನೇ ಚಿನ್ನದ ಬಣ್ಣದ ಡಬ್ಬಿಗೆ ಹಾಕಿಸ್ತೀನಿ."

ಚಿಕ್ಕಮೂಗಿಗೆ ತಿರುಗುವ ಕುರ್ಚಿ ಕಣ್ಣ ಮುಂದೆ ಒಂದು ಸುತ್ತು ತಿರುಗಿತು.

"ಆದ್ರೆ ನನಗೊಂದು ಯೋಚನೆ ಬಂತು," ಎಂದು ಮಾಲೀಕರು ಮುಂದುವರಿಸಿದರು. "ಇಬ್ಬರದ್ದೂ ಒಂದೇ ನಾಲಿಗೆ, ಒಂದೇ ಮೂಗು ಅಂದ್ಮೇಲೆ ಇಬ್ಬರು ಯಾಕೆ? ಒಬ್ಬರು ಸಾಕು. ಹಿರಿಯರು ಇನ್ನೂ ಐದು ವರ್ಷ ಮುಂದುವರೀಲಿ. ನಿಮ್ಮನ್ನ ಡಬ್ಬಿ ಕಟ್ಟೋ ವಿಭಾಗಕ್ಕೆ ಕಳಿಸ್ತೀನಿ."

ಚಿಕ್ಕಮೂಗಿನ ಕಣ್ಣ ಮುಂದಿನ ಕುರ್ಚಿ ತಿರುಗುವುದು ನಿಂತಿತು. ಅವನಿಗಿಂತ ಮುಂಚೆ ಗಾಬರಿಯಿಂದ ಎದ್ದು ನಿಂತವರು ದೊಡ್ಡಮೂಗು.

"ಅದು ಮಾತ್ರ ಮಾಡ್ಬೇಡಿ ಸಾರ್," ಎಂದರು ಅವರು. "ಇವರು ನನ್ನ ಎದುರಿಗೇ ಇರ್ಲಿ. ಅಂಕ ಹಾಕೋದು ಬೇಡ, ಉಗುಳೋ ಬಕೆಟ್ಟು ಹಿಡ್ಕೊಂಡು, ನನ್ನ ಜೊತೆ ಒಂದೊಂದು ಗುಟುಕು ಕುಡಿದ್ರೆ ಸಾಕು. ಇವರಿಲ್ದೆ ನನಗೆ ಕೆಲ್ಸ ಆಗೋಲ್ಲ."

"ಶಿಷ್ಯನ ಮೇಲೆ ಎಷ್ಟು ಅಭಿಮಾನ ನೋಡಿ," ಎಂದು ಮಾಲೀಕರು ಮೆಚ್ಚಿ ಆದೇಶಕ್ಕೆ ಸಹಿ ಹಾಕಿದರು.

ಹೊರಗೆ ಬಂದ ಮೇಲೆ ದೊಡ್ಡಮೂಗು ಆಚೀಚೆ ನೋಡಿ ಚಿಕ್ಕಮೂಗಿನ ತೋಳು ಹಿಡಿದರು.

"ಇವತ್ತು ನಿಮ್ಮ ಮುಖಕ್ಕೆ ಏನಾಗಿತ್ತು ರೀ? ಹುಬ್ಬು ಎಲ್ಲೆಲ್ಲೋ ಹಾರ್ತಿತ್ತು. ಓದೋಷ್ಟರಲ್ಲಿ ನನಗೆ ಸಾಕುಸಾಕಾಯ್ತು."

"ಓದೋದಾ?"

"ಒಂಬತ್ತು ವರ್ಷದ ಹಿಂದೆ ಒಂದು ಜ್ವರ ಬಂತು. ಜ್ವರ ಹೋಯ್ತು, ಜೊತೆಗೆ ನನ್ನ ಮೂಗೂ ಹೋಯ್ತು. ಪುಣ್ಯಕ್ಕೆ ಆ ವಾರವೇ ನೀವು ಕೆಲ್ಸಕ್ಕೆ ಸೇರಿದ್ರಿ. ನಿಮ್ಮ ಎಡ ಹುಬ್ಬು ಇರೋವರೆಗೂ ನನಗೆ ಯೋಚನೆ ಇಲ್ಲ." ಅವರು ಅವನ ಭುಜ ತಟ್ಟಿದರು. "ಯಾರ ಹತ್ರಾನಾದ್ರೂ ಹೇಳ್ಬೇಕು ಅನ್ಸಿದ್ರೆ ಹೇಳಿ. ಆದ್ರೆ ಇವತ್ತಿನ ಇಪ್ಪತ್ತು ಅಂಕ ನೀವು ಹೇಗೆ ಬರೆದ್ರಿ ಅನ್ನೋದನ್ನೂ ಹೇಳ್ಬೇಕಾಗುತ್ತೆ. ನನ್ನ ಪೆನ್ನನ್ನೇ ನೋಡ್ತಿದ್ರಲ್ಲ, ನಾನು ನೋಡ್ಲಿಲ್ಲ ಅಂದ್ಕೊಂಡ್ರಾ?"

ಚಿಕ್ಕಮೂಗು ತನ್ನ ಎಡ ಹುಬ್ಬು ಮುಟ್ಟಿ ನೋಡಿಕೊಂಡ. ಒಂಬತ್ತು ವರ್ಷ ಅವನೇ ಮುಖ್ಯ ಪರೀಕ್ಷಕನಾಗಿದ್ದ. ಅದು ಅವನಿಗೇ ಗೊತ್ತಿರಲಿಲ್ಲ ಅಷ್ಟೇ. ಗೊತ್ತಾದ ದಿನವೇ ಕೈಗೆ ಬಕೆಟ್ಟು ಬಂದಿತ್ತು.

ಸಂಜೆ ಮನೆಯ ಬಾಗಿಲು ತೆರೆದಾಗ ಹೆಂಡತಿ ಮೊದಲು ಅವನ ಅಂಗಿಯ ತೋಳು ಮೂಸಿದಳು. ಹತ್ತು ಗಂಟೆ ಕಳೆದರೂ ಗುಲಾಬಿ ಗುಲಾಬಿಯಾಗಿಯೇ ಇತ್ತು. ಅವಳ ಸಂತೋಷ ನೋಡಿ ಅವನಿಗೆ ಬೈಯಲೂ ಮನಸ್ಸಾಗಲಿಲ್ಲ. ಅವನು ಕುರ್ಚಿಯಲ್ಲಿ ಕುಸಿದು, ಮುಲಾಮಿನ ಅಮಲು ಇಳಿದ ಮೂಗಿನಿಂದ ಉದ್ದಕ್ಕೆ ಉಸಿರೆಳೆದ.

"ಪರೀಕ್ಷೆ ಏನಾಯ್ತು ರೀ?" ಎಂದು ಕೇಳಿದ ಹೆಂಡತಿ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. "ಬಿಡಿ, ಹೇಳ್ಬೇಡಿ. ಗೊತ್ತಾಯ್ತು."

ಅವಳು ಒಳಗೆ ಹೋಗಿ, ಮುಚ್ಚಳ ತೆರೆದ ಹೊಸ ಸೀಸೆಯೊಂದನ್ನು ತಂದು ಅವನ ಮೂಗಿನ ಕೆಳಗೆ ಹಿಡಿದು, ನೋಟ್‌ಬುಕ್ಕು ಬಿಚ್ಚಿಕೊಂಡು ಎದುರಿಗೆ ಕುಳಿತಳು. ಈ ಸಲ ಹುಬ್ಬು ಎತ್ತಲೇಬಾರದೆಂದು ಚಿಕ್ಕಮೂಗು ಹಲ್ಲು ಕಚ್ಚಿದ. ಮಲ್ಲಿಗೆ ಬಹಳ ಚೆನ್ನಾಗಿತ್ತು.

"ಒಂಬತ್ತು," ಎಂದು ಹೆಂಡತಿ ಬರೆದುಕೊಂಡಳು.