ದೀರ್ಘಾಯುಷ್ಯದ ನೂಡಲ್ಸ್

ಚೀನಾಕ್ಕೆ ಕಾಲಿಡುವ ಮೊದಲೇ ಅರ್ಧ ಚೀನೀಯನಾಗಿಬಿಡಬೇಕೆಂದು ನಾನು ಭೀಷ್ಮಪ್ರತಿಜ್ಞೆ ಮಾಡಿದೆ!

ಬಸ್ಸುಗಳ ವೇಳಾಪಟ್ಟಿ ತಯಾರಿಸುವುದು ನನ್ನ ಉದ್ಯೋಗ. ಇಡೀ ಊರಿನ ಬಸ್ಸುಗಳನ್ನು ಕುರ್ಚಿಯಲ್ಲಿ ಕೂತೇ ಓಡಿಸುವವನಿಗೆ ಗಂಡ ಹೆಂಡಿರಿಬ್ಬರ ಪ್ರವಾಸ ಯಾವ ಲೆಕ್ಕ? ನಾಯಕತ್ವವನ್ನು ನನಗೆ ನಾನೇ ವಹಿಸಿಕೊಂಡೆ. ಚೀನಾ ಎಂದರೆ ಸಾಮಾನ್ಯವೇ! ಬೆಟ್ಟದ ಬೆನ್ನೇರಿ ಕಣ್ಣು ಹಾಯುವವರೆಗೂ ಹೋಗುವ ಆ ಮಹಾಗೋಡೆ, ಮಂಜಿನಿಂದ ಮೇಲೆದ್ದು ನದಿಯಲ್ಲಿ ಮುಖ ನೋಡಿಕೊಳ್ಳುವ ಆ ಗುಡ್ಡಗಳು! ಚಿತ್ರ ನೋಡಿಯೇ ಮೈಮರೆತು ಒಮ್ಮೆ ಎರಡು ಬಸ್ಸುಗಳನ್ನು ಒಂದೇ ಹೊತ್ತಿಗೆ ಒಂದೇ ನಿಲ್ದಾಣಕ್ಕೆ ಕಳಿಸಿದ್ದೆ. ನನ್ನವಳು ಮಾತ್ರ, ಗೋಡೆಯ ಮೇಲೆ ಚಳಿಗಾಳಿ ಜೋರಂತಲ್ಲ ಎಂದಷ್ಟೇ ಕೇಳಿ, ಬೆಣ್ಣೆ ಬಣ್ಣದ ಉಣ್ಣೆ ತಂದು ನನಗೊಂದು ಸ್ವೆಟರ್ ಹೆಣೆಯಲು ಕೂತಳು.

ನಾನು ಕಡ್ಡಿಗಳಲ್ಲಿ ಊಟ ಮಾಡುವ ಅಭ್ಯಾಸಕ್ಕೆ ಕೂತೆ. ಮನೆಯಲ್ಲಿ ಚಮಚಕ್ಕೆ ಬಹಿಷ್ಕಾರ! ಆ ಜನ ಎರಡೇ ಕಡ್ಡಿಯಲ್ಲಿ ಅನ್ನದ ಅಗುಳನ್ನೂ ಎತ್ತುತ್ತಾರಲ್ಲ, ಅವರಿಗೆ ಕೈಮುಗಿಯಬೇಕು. ನಾನು ಎತ್ತಿದ್ದೆಲ್ಲ ಮೇಜಿನ ಕೆಳಗೆ ಸಿಗುತ್ತಿತ್ತು. ಹೆಂಡತಿ ಮೊದಲ ದಿನವೇ ಬಟಾಣಿ ಕಾಳನ್ನು ಹಿಡಿದು ಬಾಯಿಗೆ ಹಾಕಿಕೊಂಡಳು. ಹೆಣಿಗೆಯ ಕೈ, ಅದೇನು ಮಹಾ ಎಂದು ತಳ್ಳಿಹಾಕಿದೆ.

ಭಾನುವಾರ ಅವಳ ಅಕ್ಕನೂ ಭಾವನೂ ಊಟಕ್ಕೆ ಬಂದರು. ಭಾವ ಎಂದರೆ ನನ್ನ ಷಡ್ಡಕರು, ನಾಲ್ಕು ದೇಶ ಸುತ್ತಿದವರು. ಅವರೆದುರು ಮೀಸೆ ತಿರುವದೆ ಬಿಟ್ಟೇನೆ? ಆದರೆ ನೂಡಲ್ಸಿನ ಬಟ್ಟಲು ಮುಂದೆ ಬಂದ ಗಳಿಗೆಯಲ್ಲೇ ನನ್ನ ಕಡ್ಡಿಯೊಂದು ಲಟಕ್ಕೆಂದು ಮುರಿಯಿತು. ಹೆಂಡತಿ ಅಡುಗೆಮನೆಯಲ್ಲಿದ್ದಳು. ಪಕ್ಕದ ಬುಟ್ಟಿಯಲ್ಲಿ ಹೆಣಿಗೆಯ ಕಡ್ಡಿಗಳು ಕಂಡವು. ಸರಕ್ಕನೆ ಎಳೆದು, ಅಂಗಿಗೆ ಒರೆಸಿ, ಬಟ್ಟಲಿಗಿಳಿಸಿದೆ. ಹಬೆಗೆ ಕನ್ನಡಕ ಮಂಜಾಯಿತು.

"ಚೀನಾದಲ್ಲಿ ಉದ್ದನೆಯ ನೂಡಲ್ಸ್ ಅಂದ್ರೆ ದೀರ್ಘಾಯುಷ್ಯ. ಮಧ್ಯದಲ್ಲಿ ಕಡೀಬಾರ್ದು," ಎಂದು ಉಪನ್ಯಾಸ ಕೊಟ್ಟು ಒಂದೆಳೆ ಹಿಡಿದೆ. ಊಟದಲ್ಲೇ ಹಾರೈಕೆ ಬಡಿಸುವ ಎಂಥ ಸೊಗಸಾದ ಸಂಸ್ಕೃತಿ! ಎಳೆ ಬಂತು. ಇನ್ನೂ ಬಂತು. ಬರುತ್ತಲೇ ಇತ್ತು! ಷಡ್ಡಕರು ಬಾಯಿ ತೆರೆದು ನೋಡುತ್ತಿದ್ದರು. ಶತಾಯುಷಿಯಾಗುವ ಹುಮ್ಮಸ್ಸಿನಲ್ಲಿ ಸುತ್ತಿ ಸುತ್ತಿ ಬಾಯಿಗೆ ತುಂಬಿಕೊಂಡು ಅಗಿದೆ. ಬೇಯಿಸಿದ್ದು ಸ್ವಲ್ಪ ಸಾಲದು ಅನ್ನಿಸಿತು.

"ಅಲ್ರೀ," ಎಂದರು ಷಡ್ಡಕರು ಕೊನೆಗೆ, "ನಿಮ್ಮ ಆಯುಷ್ಯ ಆ ಬುಟ್ಟಿಯಿಂದ ಬರ್ತಾ ಇದೆಯಲ್ಲ?"

ಕನ್ನಡಕ ಒರೆಸಿ ನೋಡಿದೆ. ಕಡ್ಡಿಯ ತುದಿಗೆ ಸುತ್ತಿಕೊಂಡಿದ್ದ ಉಣ್ಣೆಯ ಎಳೆ ಬಟ್ಟಲಿನಿಂದ ನೇರ ಬುಟ್ಟಿಗಿಳಿದಿತ್ತು. ಕುತ್ತಿಗೆಯವರೆಗೆ ಬಂದಿದ್ದ ನನ್ನ ಸ್ವೆಟರ್ ಈಗ ಸೊಂಟದಲ್ಲಿತ್ತು. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

"ರುಚಿ ಹೇಗಿದೆ?" ಎಂದಳು.

ಬಾಯಿ ತುಂಬ ಉಣ್ಣೆ, ಉತ್ತರಿಸುವುದು ಹೇಗೆ? ಆಮೇಲೆ ಮತ್ತೆ ಹೆಣೆದುಕೊಡು ಎಂದು ಅಂಗಲಾಚಿದೆ. ಗೋಡೆಯ ಮೇಲೆ ಗಡಗಡ ನಡುಗುವ ನನ್ನ ಚಿತ್ರವನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸಿದೆ. "ನಾಯಕರಲ್ವಾ, ನೀವೇ ಯೋಚನೆ ಮಾಡಿ," ಎಂದಳು. ಆದರೂ ಸಂಜೆಗಳಲ್ಲಿ ಅವಳ ಕೈಯಲ್ಲಿ ಮತ್ತೆ ಉಣ್ಣೆ ಕಂಡಿತು. ಎಂಥ ದೊಡ್ಡ ಮನಸ್ಸು ಎಂದು ಕರಗಿಹೋದೆ.

ಪೆಟ್ಟಿಗೆ ಕಟ್ಟುವ ದಿನ ಕರೆದಳು. "ಬನ್ನಿ, ನಿಮ್ದು ರೆಡಿ. ನೀವು ತಿಂದು ಉಳಿಸಿದ್ದರಲ್ಲಿ ಇಷ್ಟೇ ಆಗಿದ್ದು. ಕಣ್ಣು ಮುಚ್ಚಿ."

ಕಣ್ಣು ಮುಚ್ಚಿ ಧನ್ಯತೆಯಿಂದ ತಲೆ ಬಾಗಿಸಿದೆ. ಎದೆಗೆ ಏನೋ ತಣ್ಣಗೆ ತಾಗಿತು.

ಕೊರಳಲ್ಲಿ ಬೆಣ್ಣೆ ಬಣ್ಣದ ಉಣ್ಣೆಯ ದಾರ, ಅದರ ತುದಿಯಲ್ಲೊಂದು ಚಮಚ!