ಮುಂದಿನ ಸೀಟಿನ ಮೇಲೊಂದು ಕರ್ಚೀಫು

ಕರ್ಚೀಫಿನ ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಇತ್ತು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೆವರು ಒರೆಸಿಕೊಳ್ಳಲು ಜಗತ್ತಿನ ಎಲ್ಲರಿಗೂ ಅದು ಬೇಕು. ಆದರೆ ಅಂಗೈಯಗಲದ ಆ ಬಟ್ಟೆಯನ್ನು ಕಿಟಕಿಯಿಂದ ತೂರಿಸಿ ಒಂದು ಸೀಟಿನ ಮೇಲೆ ಬೀಳಿಸಿದರೆ ಆ ಸೀಟು ನಮ್ಮದೇ ಆಗುತ್ತದೆ, ಆಮೇಲೆ ಹತ್ತಿದ ಪೈಲ್ವಾನನೂ ಅದರ ಮೇಲೆ ಕೂರದೆ ಪಕ್ಕದಲ್ಲಿ ನಿಂತುಕೊಳ್ಳುತ್ತಾನೆ ಎನ್ನುವ ಕಾನೂನು ನಮ್ಮ ಊರಿನ ಬಸ್ಸುಗಳಲ್ಲಿ ಬೆಳೆದವರಿಗೇ ಗೊತ್ತು. ಬನಶಂಕರಿಯಿಂದ ಮೆಜೆಸ್ಟಿಕ್ಕಿಗೆ ಇಪ್ಪತ್ತೆರಡು ವರ್ಷ ಆಫೀಸಿಗೆ ಓಡಾಡಿದ ನಾನು, ಬಸ್ಸು ಇನ್ನೂ ನಿಲ್ಲುವ ಮೊದಲೇ ಮೂರನೇ ಕಿಟಕಿಗೆ ಗುರಿ ತಪ್ಪದೆ ಎಸೆಯುತ್ತಿದ್ದೆ. “ಮೇಡಂ, ನೀವು ಒಲಿಂಪಿಕ್ಸ್‌ಗೆ ಟ್ರೈ ಮಾಡಿ” ಎಂದು ಒಬ್ಬ ಕಂಡಕ್ಟರ್ ಹೇಳಿದ್ದರು. ಅದನ್ನು ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೇನೆ.

ಈ ವಿದ್ಯೆಯನ್ನು ನಾನು ಕಾಂಬೋಡಿಯಾದವರೆಗೂ ಹೊತ್ತುಕೊಂಡು ಹೋಗಬಾರದಿತ್ತು.

ಹೋಗಿದ್ದು ನನ್ನ ಅಕ್ಕನಿಗಾಗಿ. ಸುಮಿತ್ರಕ್ಕ ಸಿದ್ದಾಪುರದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದು ರಿಟೈರಾದವಳು. ಮದುವೆ ಆಗಲಿಲ್ಲ, ಒಡವೆ ಬೇಕೆನ್ನಲಿಲ್ಲ, ಯಾವತ್ತೂ ನನ್ನ ಹತ್ತಿರ ಏನನ್ನೂ ಕೇಳಿದವಳಲ್ಲ. ಕೇಳಿದ್ದು ಒಂದೇ. ಅಂಕೋರ್‌ವಾಟ್ ದೇವಸ್ಥಾನದ ಗೋಡೆಯ ಮೇಲೆ ಸಮುದ್ರಮಥನ ಕೆತ್ತಿದ್ದಾರಂತೆ, ಹಾವನ್ನು ಹಗ್ಗ ಮಾಡಿಕೊಂಡು ಒಂದು ಕಡೆ ಅಸುರರು, ಇನ್ನೊಂದು ಕಡೆ ದೇವತೆಗಳು ಸಾಲಾಗಿ ಎಳೆಯುತ್ತಾರಂತೆ. “ಅದರ ಮುಂದೆ ಒಂದು ಗಂಟೆ ಕೂತು ಬರೀಬೇಕು ಕಣೇ. ಮಂಡಿ ಪೂರ್ತಿ ಕೈ ಕೊಡೋದ್ರೊಳಗೆ” ಎಂದಳು. ಒಂದು ಗಂಟೆ. ಅಷ್ಟೇ ಅವಳ ಬೇಡಿಕೆ.

ಜಯನಗರ ನಾಲ್ಕನೇ ಬ್ಲಾಕಿನ ಒಂದು ಮಹಡಿಯ ಮೇಲಿನ ಟೂರ್ ಆಫೀಸಿನಲ್ಲಿ ನಮ್ಮ ಕೈಗೆಟುಕುವಂಥದ್ದು ಸಿಕ್ಕಿತು: ಎಂಟು ದಿನ, ಮೂರು ದೇಶ, ಜೊತೆಗೆ ನಮ್ಮದೇ ಅಡಿಗೆಯವರು. ಅಗ್ಗದ ಟೂರಿನಲ್ಲಿ ಒಂದು ಸೂಕ್ಷ್ಮ ಇದೆ. ಅಲ್ಲಿ ನೋಡುವುದಕ್ಕಿಂತ ಹತ್ತಿ ಇಳಿಯುವುದೇ ಜಾಸ್ತಿ. ಬ್ಯಾಂಕಾಕಿನ ಬುದ್ಧನಿಗೆ ಹದಿನೈದು ನಿಮಿಷ, ಅವನ ಎದುರಿನ ಹರಳಿನ ಅಂಗಡಿಗೆ ಒಂದು ಗಂಟೆ. ಟೂರ್ ಮ್ಯಾನೇಜರ್ ಗಿರೀಶ ಹಳದಿ ಬಾವುಟ ಹಿಡಿದು “ಬೇಗ ಬೇಗ ಬನ್ನಿ ಆಂಟಿ, ಫೋಟೋ ಆಮೇಲೆ ನೋಡ್ಕೋಬೌದು” ಎಂದು ಓಡುತ್ತಿದ್ದ. ಆ ವಿಷಯ ಬಿಡಿ, ಚಿತ್ರಾನ್ನ ಚೆನ್ನಾಗಿತ್ತು.

ತೊಂದರೆ ಶುರುವಾಗಿದ್ದು ಬಸ್ಸಿನಲ್ಲಿ. ಸೀಟುಗಳ ಮಧ್ಯೆ ಕಾಲಿಡಲು ಜಾಗವಿಲ್ಲ. ಅಕ್ಕ ಮಂಡಿ ಮಡಚಿ ಕೂತರೆ ಇಳಿಯುವಾಗ ಮುಖ ಸೊಟ್ಟ ಮಾಡಿಕೊಳ್ಳುತ್ತಿದ್ದಳು. ಬಾಗಿಲ ಪಕ್ಕದ ಮೊದಲ ಸೀಟಿನಲ್ಲಿ ಮಾತ್ರ ಕಾಲು ಚಾಚಬಹುದು. ಸೀಟು ಯಾರಿಗೂ ಗೊತ್ತು ಮಾಡಿಲ್ಲ, ಮೊದಲು ಬಂದವರಿಗೆ ಎಂದು ಗಿರೀಶ ಹೇಳಿಬಿಟ್ಟಿದ್ದ. ಆ ಸೀಟಿನ ಮೇಲೆ ಜೆ.ಪಿ. ನಗರದ ರಾಮಯ್ಯನವರ ಕಣ್ಣೂ ಇತ್ತು. ಇವರು ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳನ್ನು ಬೆಳೆದಿರುವವರು. ಮೊದಲ ದಿನವೇ ತಮ್ಮ ಮಂಕಿ ಕ್ಯಾಪನ್ನು ಅಲ್ಲಿಟ್ಟು ತಿಂಡಿಗೆ ಹೋಗಿದ್ದರು. ಆ ಕ್ಯಾಪು ನೋಡಿದ ಕ್ಷಣ ನನ್ನೊಳಗಿನ ಬನಶಂಕರಿ ಬಸ್‌ಸ್ಟ್ಯಾಂಡು ಎದ್ದು ನಿಂತಿತು.

ಎ.ಸಿ. ಬಸ್ಸಿನ ಕಿಟಕಿ ತೆಗೆಯಲು ಬರುವುದಿಲ್ಲ. ಎಸೆಯುವ ಹಾಗಿಲ್ಲ, ನಾವೇ ಮೊದಲು ಹತ್ತಿ ಇಡಬೇಕು. ಅದಕ್ಕೆ ನಾನೊಂದು ಪದ್ಧತಿ ಮಾಡಿಕೊಂಡೆ. ಎಲ್ಲಿಗೇ ಹೋಗಲಿ, ಗಿರೀಶ ಹೇಳಿದ ಸಮಯಕ್ಕೆ ಕಾಲು ಗಂಟೆ ಮೊದಲೇ ಅಕ್ಕನನ್ನು ಹೊರಡಿಸುವುದು. ಅವಳ ನಡಿಗೆ ನಿಧಾನ, ಆದ್ದರಿಂದ ಇನ್ನೂ ಹತ್ತು ನಿಮಿಷ ಮೊದಲು. ಎಷ್ಟೋ ಕಡೆ ನಾವು ಒಳಗೆ ಹೋಗುತ್ತಲೇ ಹೊರಗೆ ಬಂದೆವು. ಆದರೆ ಸೀಟು ಒಂದು ದಿನವೂ ತಪ್ಪಲಿಲ್ಲ. ನನಗೆ ದಿನಾ ನಡೆದದ್ದನ್ನು ಪುಟ್ಟ ಡೈರಿಯಲ್ಲಿ ಬರೆದಿಡುವ ಅಭ್ಯಾಸ. ಈಗ ತೆಗೆದು ನೋಡಿದರೆ ನಾಚಿಕೆಯಾಗುತ್ತದೆ. “ಮೂರನೇ ದಿನ: ಅವಲಕ್ಕಿ. ಬಿಸಿಲು. ಮುಂದಿನ ಸೀಟು ಸಿಕ್ಕಿತು. ನಾಲ್ಕನೇ ದಿನ: ಪೊಂಗಲ್, ಸ್ವಲ್ಪ ಉಪ್ಪು ಮುಂದು. ಮುಂದಿನ ಸೀಟು ಸಿಕ್ಕಿತು.” ಯಾವ ದೇಶ ಎಂದು ಬರೆದೇ ಇಲ್ಲ.

ಐದನೇ ದಿನ ಅಂಕೋರ್‌ವಾಟ್. ಗಿರೀಶ ಬಾವುಟ ಎತ್ತಿ “ಹನ್ನೊಂದು ಗಂಟೆಗೆ ಬಸ್ಸು, ಒಂದ್ ನಿಮಿಷ ಲೇಟಾದ್ರೂ ಬಿಟ್‌ಹೋಗ್ತೀನಿ” ಎಂದ. ಆ ಗೋಡೆಯ ಮುಂದೆ ನಾವು ತಲುಪಿದಾಗ ಹತ್ತು ಗಂಟೆ. ಅಕ್ಕ ಎಡತುದಿಯಲ್ಲಿ ಒಂದು ಕಲ್ಲಿನ ಮೇಲೆ ಕೂತಳು, ಪುಸ್ತಕ ಬಿಚ್ಚಿದಳು, ಪೆನ್ಸಿಲ್ಲು ತೆಗೆದಳು. ಮೊದಲ ಅಸುರನಿಂದ ಶುರು ಮಾಡಿದಳು. ಅವಳ ಮುಖ ಆಗ ಹೇಗಿತ್ತೆಂದರೆ, ನಾವು ಚಿಕ್ಕವರಿದ್ದಾಗ ಹಬ್ಬದ ದಿನ ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದಾಗ ಇರುತ್ತಿತ್ತಲ್ಲ, ಹಾಗೆ. ನಾಲಿಗೆಯ ತುದಿ ಹೊರಗೆ.

ನಾನು ಅದನ್ನು ನೋಡುತ್ತಿದ್ದೆ. ನಡುನಡುವೆ ಗಡಿಯಾರವನ್ನೂ ನೋಡುತ್ತಿದ್ದೆ. ಹತ್ತೂ ಇಪ್ಪತ್ತೈದಕ್ಕೆ ರಾಮಯ್ಯನವರು ಹೆಂಡತಿಯ ಜೊತೆ ಸರಸರ ಹೊರಗೆ ಹೋಗುವುದು ಕಾಣಿಸಿತು.

“ಅಕ್ಕ, ಏಳು. ಹೊರಡೋಣ.”

“ಇನ್ನೂ ಟೈಮಿದೆಯಲ್ಲೇ.”

“ರಾಮಯ್ಯ ಹೋದ್ರು. ಆಮೇಲೆ ಹಿಂದಿನ ಸೀಟು ಸಿಗತ್ತೆ. ನಾಲ್ಕು ಗಂಟೆ ಪ್ರಯಾಣ ಇದೆ, ನಿನ್ನ ಮಂಡಿ ಏನಾಗ್ಬೇಕು?”

“ನೋವಾದ್ರೆ ಆಗ್ಲಿ ಬಿಡೇ. ದೇವತೆಗಳು ಇನ್ನೂ ಬಂದಿಲ್ಲ.”

“ಫೋಟೋ ತೆಗ್ದಿದೀನಿ. ಮನೇಲಿ ಕೂತು ಬರಿ.”

ಅಕ್ಕ ಒಂದು ಸಲ ಗೋಡೆಯ ಉದ್ದಕ್ಕೂ ಕಣ್ಣು ಹಾಯಿಸಿದಳು. ಆಮೇಲೆ ಪುಸ್ತಕ ಮುಚ್ಚಿ ಕೈ ನೀಡಿದಳು, ಎಬ್ಬಿಸು ಎಂದು. ಜಗಳವಾಡುವವಳಲ್ಲ. ಆಡಿದ್ದರೆ ಚೆನ್ನಾಗಿತ್ತು.

ಬಸ್ಸಿಗೆ ನಾವೇ ಮೊದಲು. ಕರ್ಚೀಫು ಇಟ್ಟೆ, ಅಕ್ಕನನ್ನು ಕೂರಿಸಿದೆ, ಕಾಲು ಚಾಚಿಸಿದೆ. ಗೆದ್ದೆ. ಹನ್ನೊಂದಾಯಿತು, ಹನ್ನೊಂದೂವರೆ ಆಯಿತು, ಬಸ್ಸು ಹೊರಡಲಿಲ್ಲ. ರಾಮಯ್ಯನವರು ಹೋಗಿದ್ದು ಸೀಟಿಗಲ್ಲ, ತಾಳೆಬೆಲ್ಲ ಕೊಳ್ಳಲು. ಅವರನ್ನು ನೋಡಿ ಉಳಿದವರೂ ಬೆಲ್ಲಕ್ಕೆ ನಿಂತಿದ್ದರು, ಗಿರೀಶನೂ ಎರಡು ಪೊಟ್ಟಣ ಹಿಡಿದಿದ್ದ. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ರಾಮಯ್ಯನವರು ಹತ್ತಿದರು. ಕರ್ಚೀಫನ್ನು ಕೈಯಲ್ಲಿ ಹಿಂಡುತ್ತಾ ಕೂತಿದ್ದ ನನ್ನನ್ನೂ, ಚಾಚಿದ ಅಕ್ಕನ ಕಾಲನ್ನೂ ನೋಡಿದರು.

“ಏನಮ್ಮಾ, ಅಕ್ಕೋರಿಗೆ ಮಂಡಿ ನೋವಾ?”

“ಹೌದು ಸಾರ್. ಅದಕ್ಕೇ ದಿನಾ...”

“ಅಯ್ಯೋ ತಾಯಿ, ಒಂದ್ ಮಾತು ಹೇಳಿದ್ರೆ ಆ ಸೀಟು ನಿಮ್ಮ ಹೆಸರಿಗೆ ರಿಜಿಸ್ಟರ್ ಮಾಡ್ಕೊಡ್ತಿದ್ನಲ್ಲ! ನಾನು ಕ್ಯಾಪ್ ಇಟ್ಟಿದ್ದು ಒಂದಿನ, ಅದೂ ನಮ್ಮೆಂಗುಸ್ರಿಗೆ ವಾಂತಿ ಆಗ್ತದೆ ಅಂತ. ಈಗ ಮಾತ್ರೆ ತಗೊಂಡವ್ಳೆ.” ಹೀಗೆಂದು ನಮ್ಮಿಬ್ಬರ ಕೈಗೂ ಒಂದೊಂದು ಚೂರು ಬೆಲ್ಲ ಇಟ್ಟು ಹಿಂದೆ ಹೋದರು. ಐದು ದಿನ ಒಂದೇ ಬಸ್ಸಿನಲ್ಲಿ ಕೂತಿದ್ದೆ. ಕೇಳುವುದು ಎಂಬ ದಾರಿ ಇದೆ ಎಂದು ನನಗೆ ಹೊಳೆದಿರಲೇ ಇಲ್ಲ.

ಅಕ್ಕ ಬೆಲ್ಲ ಚೀಪುತ್ತಾ ಕಿಟಕಿಯಾಚೆ ನೋಡುತ್ತಿದ್ದಳು. “ಸೀಟು ಚೆನ್ನಾಗಿದೆ ಕಣೇ” ಎಂದಳು. ಬೇಕೆಂದೇ ಚುಚ್ಚಿದ್ದಲ್ಲ. ಅದೇ ಇವತ್ತಿಗೂ ಚುಚ್ಚುತ್ತದೆ.

ಊರಿಗೆ ಬಂದ ಮೇಲೆ ಡಾಕ್ಟರು ಇನ್ನು ದೂರದ ಪ್ರಯಾಣ ಬೇಡ ಎಂದರು. ಅಕ್ಕ ನನ್ನ ಫೋಟೋಗಳನ್ನು ನೋಡಿದಳು. ಅವುಗಳಲ್ಲಿ ಹೆಚ್ಚಾಗಿ ನನ್ನ ಹೆಬ್ಬೆರಳಿತ್ತು. ಕೊನೆಗೆ ತಾನು ಬರೆದಿದ್ದ ಆ ಅರ್ಧ ಚಿತ್ರಕ್ಕೆ ಹಾಗೆಯೇ ಚೌಕಟ್ಟು ಹಾಕಿಸಿ ನಮ್ಮ ನಡುಮನೆಯಲ್ಲಿ ತೂಗುಹಾಕಿದಳು. ಒಂಬತ್ತು ಅಸುರರು ಹಲ್ಲು ಕಚ್ಚಿ ಹಾವನ್ನು ಎಳೆಯುತ್ತಿದ್ದಾರೆ, ಆಮೇಲೆ ಬರೀ ಬಿಳಿ ಕಾಗದ. ಬಂದವರು ಕೇಳಿಯೇ ಕೇಳುತ್ತಾರೆ, “ದೇವತೆಗಳೆಲ್ಲಿ ಟೀಚರ್?”

“ಸೀಟು ಹಿಡಿಯೋಕೆ ಹೋಗಿದಾರೆ” ಎನ್ನುತ್ತಾಳೆ ಅಕ್ಕ. ಎಲ್ಲರೂ ನಗುತ್ತಾರೆ. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋಗುತ್ತೇನೆ.

ಹೋದ ತಿಂಗಳು ಮನಸ್ಸು ತಡೆಯದೆ ಅವಳನ್ನು ಬೇಗೂರಿನ ನಾಗೇಶ್ವರನ ಗುಡಿಗೆ ಕರೆದುಕೊಂಡು ಹೋದೆ. “ಇಲ್ಲಿ ಎಷ್ಟು ಹೊತ್ತಾದ್ರೂ ಬರಿ, ನಾನು ತುಟಿ ಪಿಟಕ್ಕೆನ್ನಲ್ಲ” ಎಂದೆ. ಒಂದು ಕಂಬವನ್ನು ಬರೆಯಲು ಕೂತಳು. ಎರಡು ಗಂಟೆ ಸುಮ್ಮನಿದ್ದೆ. ನಡುವೆ ಒಮ್ಮೆ “ಇದೂ ಚೆನ್ನಾಗಿದೆ” ಎಂದಳು. ಪೆನ್ಸಿಲ್ಲು ಚೂಪು ಮಾಡಿಕೊಳ್ಳುತ್ತಾ “ಅದು ಬೇರೆ” ಎಂದಳು. ನಾನು ನೀರಿನ ಬಾಟಲಿ ತರುತ್ತೇನೆಂದು ರಸ್ತೆಗೆ ಬಂದೆ. ಅಷ್ಟರಲ್ಲಿ ನಮ್ಮ ಕಡೆಯ ಬಸ್ಸು ಬಂತು. ಕಿಟಕಿಗಳೆಲ್ಲ ತೆರೆದಿದ್ದವು, ಒಳಗೆ ನಾಲ್ಕೇ ನಾಲ್ಕು ಜನ. ನನ್ನ ಕೈ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಮೂರನೇ ಕಿಟಕಿ, ಗುರಿ ತಪ್ಪಲಿಲ್ಲ.

ಅಕ್ಕ ಇನ್ನೂ ಕಂಬದ ಅರ್ಧಕ್ಕೂ ಬಂದಿರಲಿಲ್ಲ. “ಹತ್ತೋದಾದ್ರೆ ಹತ್ತಿ ಮೇಡಂ” ಎಂದರು ಕಂಡಕ್ಟರು. ನಾನು ಇಲ್ಲವೆಂದು ತಲೆಯಾಡಿಸಿದೆ. ಬಸ್ಸು ನನ್ನ ಕರ್ಚೀಫನ್ನು ಕೂರಿಸಿಕೊಂಡು ಹೊರಟುಹೋಯಿತು. ಬನಶಂಕರಿಯವರೆಗೂ ಆ ಸೀಟಿನಲ್ಲಿ ಯಾರೂ ಕೂತಿರಲಿಕ್ಕಿಲ್ಲ. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋಗಿ, ಅಕ್ಕನ ಪಕ್ಕ ನೆಲದ ಮೇಲೆ ಕೂತೆ.