ಅರ್ಧ ಉತ್ತರದ ಮೇಷ್ಟ್ರು

ಕೆಲವರಿಗೆ ಉಗುರು ಕಚ್ಚುವ ಚಟ, ಕೆಲವರಿಗೆ ನಶ್ಯದ ಚಟ. ನನ್ನದು ಅದಕ್ಕಿಂತ ಕೆಟ್ಟದ್ದು. ನಾನು ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಉಳಿದರ್ಧವನ್ನು ಎದುರಿನವರು ಹೇಳಲಿ ಎಂದು ಹುಬ್ಬೇರಿಸಿಕೊಂಡು ಕಾಯುತ್ತೇನೆ. ಇಪ್ಪತ್ತಾರು ವರ್ಷ ಮಳವಳ್ಳಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದ ಫಲ ಇದು. “ನಮ್ಮ ದೇಶದ ರಾಜಧಾನಿ ದೆಹ...?” ಎಂದರೆ ಸಾಕು, ಇಡೀ ತರಗತಿ “ಲೀ!” ಎಂದು ಸೂರು ಹಾರುವಂತೆ ಕೂಗುತ್ತದೆ. ಆ ಕೂಗು ಕೇಳಿದಾಗ ಎಲ್ಲರಿಗೂ ಎಲ್ಲವೂ ಬಂದುಬಿಟ್ಟಿದೆ ಎಂದು ನನಗೆ ಸಮಾಧಾನ. ಮೇಷ್ಟ್ರುಗಳಿಗೆಲ್ಲ ಇರುವ ಕಾಯಿಲೆಯೇ. ನನಗೆ ಸ್ವಲ್ಪ ಜಾಸ್ತಿ, ಅಷ್ಟೆ. ಶಾಲೆಯಲ್ಲೇ ಬಿಟ್ಟು ಬರೋಣವೆಂದರೆ ಅದೂ ನನ್ನ ಜೊತೆ ಬಸ್ಸು ಹತ್ತಿ ಮದ್ದೂರಿನ ಮನೆಗೆ ಬರುತ್ತದೆ. “ಸಾರಿಗೆ ಉಪ್ಪು ಜಾಸ್ತಿಯಾ...?” ಎಂದು ನಾನು ನಿಲ್ಲಿಸಿದರೆ ನನ್ನ ಹೆಂಡತಿ ಸುಮಿತ್ರ ಸೌಟು ಹಿಡಿದು, “ಗಿದೆ ಅಂತ ನನ್ನ ಬಾಯಲ್ಲೇ ಯೋಳಿಸ್ಬೇಕಾ? ಸುಮ್ನೆ ಉಣ್ಣಿ” ಎನ್ನುತ್ತಾಳೆ. ಬೆಳಗ್ಗೆ ಬಸ್ಸಿನಲ್ಲಿ ಟಿಕೆಟ್ಟಿಗೆ “ಮಳ...?” ಎಂದು ಕೈ ಚಾಚಿದರೆ ಕಂಡಕ್ಟರಿಗೆ ರೇಗುತ್ತದೆ. “ಪೂರ್ತಿ ಯೋಳಿ ಸಾ, ಟೈಮ್ ಆಯ್ತದೆ.”

ಇಂಥವನನ್ನು ಟಿ.ವಿ.ಯ ರಸಪ್ರಶ್ನೆ ಕಾರ್ಯಕ್ರಮಕ್ಕೆ ಪ್ರಶ್ನೆ ಕೇಳಲು ಕರೆದವರ ಧೈರ್ಯ ದೊಡ್ಡದು. ಕರೆದವನು ಶಿವಲಿಂಗು. ನಮ್ಮ ಕಡೆಯ ಒಂದು ಸಣ್ಣ ಕೇಬಲ್ ವಾಹಿನಿಗೆ ಅವನೇ ಮಾಲೀಕ, ಅವನೇ ಕ್ಯಾಮೆರಾ, ಜಾಹೀರಾತು ತರುವವನೂ ಅವನೇ. ಹೈಸ್ಕೂಲು ಮಕ್ಕಳಿಗಾಗಿ ಒಂದು ರಸಪ್ರಶ್ನೆ ಮಾಡಬೇಕೆಂಬ ಆಸೆ ಅವನಿಗೆ ಬಹಳ ದಿನದಿಂದ ಇತ್ತು. ಆಷಾಢದಲ್ಲಿ ಮದುವೆಗಳಿಲ್ಲದೆ ಕಲ್ಯಾಣ ಮಂಟಪಗಳು ಖಾಲಿ ಬಿದ್ದಿರುತ್ತವಲ್ಲ, ಅಲ್ಲೇ ಚಿತ್ರೀಕರಣ. ಸ್ಪರ್ಧಿಗಳು ಕೂರುವುದು ವಧೂವರರ ಕೆಂಪು ಮಖಮಲ್ಲಿನ ಕುರ್ಚಿಗಳ ಮೇಲೆ. ಒತ್ತುವುದಕ್ಕೆ ಮನೆ ಬಾಗಿಲಿನ ಕಾಲಿಂಗ್ ಬೆಲ್ಲುಗಳು. ಒಂದು ಟ್ರಿಣ್ ಎನ್ನುತ್ತದೆ, ಇನ್ನೊಂದು ಗುಬ್ಬಚ್ಚಿಯಂತೆ ಚಿಲಿಪಿಲಿ. ಸಮಯ ನೋಡುವುದಕ್ಕೆ ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ಬೋರೇಗೌಡರು, ಅವರು ಗಂಟೆ ಬಾರಿಸಲು ಒಪ್ಪದೆ ಸೀಟಿಯನ್ನೇ ಊದುತ್ತಿದ್ದರು. ಈ ವಾಹಿನಿಯ ಹಿಂದಿರುವ ಮಹಾ ತಂಡವೆಂದರೆ ನಾವು ಮೂರೇ ಜನ.

ಅಂತಿಮ ಸುತ್ತು ಮದ್ದೂರಿನಲ್ಲಿ ನಡೆಯಿತು. ಉಳಿದಿದ್ದವರು ಇಬ್ಬರು. ಮಂಡ್ಯದ ಒಂದು ಖಾಸಗಿ ಶಾಲೆಯ ಹುಡುಗ, ಮತ್ತು ಬಸರಾಳು ಕಡೆಯ ಸರ್ಕಾರಿ ಶಾಲೆಯ ಭವ್ಯ. ಎಣ್ಣೆ ಹಚ್ಚಿ ಬಿಗಿದು ಹೆಣೆದ ಎರಡು ಜಡೆಯ, ಕಣ್ಣು ಮಿಟುಕಿಸದೆ ಪ್ರಶ್ನೆ ಕೇಳಿಸಿಕೊಳ್ಳುವ ಹುಡುಗಿ. ಕೊನೆಯ ಪ್ರಶ್ನೆ, ಕೋಲಾರದ ಚಿನ್ನದ ಗಣಿಗೆ ಮೊದಲು ಕರೆಂಟು ಹೋದದ್ದು ನಮ್ಮ ಜಿಲ್ಲೆಯ ಯಾವ ಜಾಗದಿಂದ ಎಂದು. ಗುಬ್ಬಚ್ಚಿ ಚಿಲಿಪಿಲಿ ಎಂದಿತು. ಭವ್ಯ ಬಾಯಿ ತೆರೆದಳು. ಅಷ್ಟರಲ್ಲಿ ನನ್ನ ಹಾಳು ನಾಲಗೆ “ಶಿವನ...?” ಎಂದುಬಿಟ್ಟಿತು! “ಸಮುದ್ರ” ಎಂದಳು. ಬೋರೇಗೌಡರು ಸೀಟಿ ಊದಿದರು, ಜನ ಚಪ್ಪಾಳೆ ತಟ್ಟಿದರು. ಖಾಸಗಿ ಶಾಲೆಯ ಮುಖ್ಯೋಪಾಧ್ಯಾಯರು ಮಾತ್ರ ಎದ್ದು ನಿಂತು, “ಇದೇನ್ರೀ ಇದು, ಪ್ರಶ್ನೆ ಕೇಳ್ತಿದ್ದೀರೋ, ಬಾಯಿಪಾಠ ಒಪ್ಪಿಸ್ಕೊಳ್ತಿದ್ದೀರೋ?” ಎಂದರು. ನ್ಯಾಯವಾದ ಮಾತು. ಆ ಸುತ್ತು ರದ್ದಾಯಿತು. ಮುಂದಿನ ಭಾನುವಾರ ಮಂಡ್ಯದಲ್ಲಿ ಮತ್ತೆ ಎಂದು ತೀರ್ಮಾನವಾಯಿತು.

ಆ ವಾರ ನನಗೆ ಅನ್ನ ಸೇರಲಿಲ್ಲ. ನನ್ನ ಮಾನ ಹೋದರೆ ಹೋಗಲಿ, ಅದೇನು ಅಂಥ ದೊಡ್ಡದಾಗಿರಲಿಲ್ಲ. ಆದರೆ ಆ ಹುಡುಗಿಗೆ ಮೇಷ್ಟ್ರೇ ಹೇಳಿಕೊಟ್ಟು ಗೆಲ್ಲಿಸಲು ನೋಡಿದರು ಎಂಬ ಮಾತು ಬಸರಾಳಿನ ಟೀ ಅಂಗಡಿಯವರೆಗೂ ಹೋಗಿತ್ತು. ಭಾನುವಾರ ಮಂಡ್ಯದ ಮಂಟಪದ ಬಾಗಿಲಲ್ಲೇ ಅವಳು ನನ್ನನ್ನು ತಡೆದಳು. “ಸಾ, ಅವತ್ತು ನಂಗೆ ಗೊತ್ತಿತ್ತು. ನೀವು ಅನ್ನಕ್ಕೆ ಮುಂಚೇನೇ ಗೊತ್ತಿತ್ತು. ಈಗ ಯಾರೂ ನಂಬಕಿಲ್ಲ.” ಎರಡೂ ಕೈ ಜೋಡಿಸಿದಳು. “ಇವತ್ತು ಮಾತ್ರ ಬಾಯಿ ಬುಡಬ್ಯಾಡಿ ಸಾ.” ಇಷ್ಟು ವರ್ಷ ಮಕ್ಕಳಿಗೆ “ಬಾಯಿ ಮುಚ್ರೋ” ಎಂದವನಿಗೆ ಒಂದು ಮಗು ಅದನ್ನೇ ಕೈಮುಗಿದು ಕೇಳಿತು. ನನಗೆ ನಾಚಿಕೆಯಾಯಿತು.

ಉಪಾಯ ಹೇಳಿಕೊಟ್ಟವಳು ಸುಮಿತ್ರ. “ಪ್ರಶ್ನೆ ಕೇಳಿದ ತಕ್ಷಣ ಒಂದು ಕಲ್ಲುಸಕ್ಕರೆ ಬಾಯಿಗೆ ಹಾಕ್ಕೊಳ್ಳಿ. ನಾಲಗೆಗೆ ಬೇರೆ ಕೆಲಸ ಇದ್ರೆ ತೆಪ್ಪಗಿರ್ತದೆ” ಎಂದು ಜೇಬು ತುಂಬಿ ಕಳಿಸಿದ್ದಳು. ಪ್ರಶ್ನೆ, ಕಲ್ಲುಸಕ್ಕರೆ, ಉತ್ತರ. ಮತ್ತೆ ಪ್ರಶ್ನೆ, ಕಲ್ಲುಸಕ್ಕರೆ. ಹನ್ನೆರಡನೆಯ ಪ್ರಶ್ನೆಯ ಹೊತ್ತಿಗೆ ನನ್ನ ಕೆನ್ನೆ ಹಲ್ಲುನೋವಿನವರ ಕೆನ್ನೆಯಂತೆ ಊದಿತ್ತು, ಆದರೆ ಉತ್ತರದ ಒಂದಕ್ಷರವೂ ಹೊರಬಿದ್ದಿರಲಿಲ್ಲ. ಇಬ್ಬರೂ ಸರಿಸಮ. ಗೆಲುವು ಸೋಲು ಒಂದೇ ಪ್ರಶ್ನೆಯ ಮೇಲೆ ನಿಂತಿತು. ಎಂದೂ ವಿಸರ್ಜನೆಯಾಗದ ಸಂಸತ್ತಿನ ಸದನ ಯಾವುದು ಎಂದು ಕೇಳಿ, ಎರಡು ಕಲ್ಲುಸಕ್ಕರೆ ಒಟ್ಟಿಗೆ ಬಾಯಿಗೆಸೆದುಕೊಂಡೆ. ಗುಬ್ಬಚ್ಚಿ ಕೂಗಿತು. “ರಾಜ್ಯ...” ಎಂದಳು ಭವ್ಯ. ಬಾಯಿ ಒಣಗಿತೋ ಏನೋ, ಎಂಜಲು ನುಂಗಲು ಅರೆಕ್ಷಣ ನಿಂತಳು.

ಸಭಾಂಗಣದ ತುಂಬ ಕೂತಿದ್ದವರು ಯಾರು? ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ತಾಲ್ಲೂಕುಗಳ ಮೇಷ್ಟ್ರುಗಳು, ಮೇಡಂಗಳು! ಅರ್ಧ ಪದ ಕಿವಿಗೆ ಬಿದ್ದಿದ್ದೇ ತಡ, “ಸಭೇ!” ಎಂದು ಒಕ್ಕೊರಲಿನಲ್ಲಿ ಕೂಗಿಬಿಟ್ಟರು. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವರು, ಮೊದಲ ಸಾಲಿನಲ್ಲಿ ಕೂತಿದ್ದ ಅದೇ ಖಾಸಗಿ ಶಾಲೆಯ ಮುಖ್ಯೋಪಾಧ್ಯಾಯರು. ಅವರು ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡು, “ಅಯ್ಯೋ, ಅಭ್ಯಾಸ ಬಲ ಕಣ್ರೀ” ಎಂದರು. ಶಿವಲಿಂಗು ಕ್ಯಾಮೆರಾದ ಹಿಂದೆ ತಲೆಯ ಮೇಲೆ ಕೈಹೊತ್ತು ಕೂತ. ನನ್ನ ಬಾಯಿ ಮಾತ್ರ ಮುಚ್ಚಿತ್ತು, ದೇವರಾಣೆ.

“ಈ ಪ್ರಶ್ನೆ ರದ್ದು ಮಾಡಿ ಸಾ. ಇನ್ನೊಂದು ಕೇಳಿ” ಎಂದಳು ಭವ್ಯ, ಯಾರೂ ಕೇಳುವ ಮೊದಲೇ. ನನ್ನ ಜೇಬಿನಲ್ಲಿ ಕಲ್ಲುಸಕ್ಕರೆಯ ಜೊತೆ ಉಳಿದಿದ್ದದ್ದು ಒಂದೇ ಚೀಟಿ: ಶಿವನಸಮುದ್ರದಲ್ಲಿ ಕಾವೇರಿ ಎರಡಾಗಿ ಧುಮುಕುವ ಜಲಪಾತಗಳ ಹೆಸರೇನು? ಅದನ್ನು ಗಟ್ಟಿಯಾಗಿ ಓದುವಾಗಲೇ ನನ್ನ ತರಗತಿ ನೆನಪಾಯಿತು. ಈ ಪಾಠ ನಾವು ಮಾಡುವುದು ಹೇಗೆ? “ಗಗನ...?” “ಚುಕ್ಕಿ!” “ಭರ...?” “ಚುಕ್ಕಿ!” ಅಂದರೆ ಮಕ್ಕಳಿಗೆ ಎರಡು ಸಲವೂ ಸಿಕ್ಕಿದ್ದು ಬರೀ ಚುಕ್ಕಿ. ಪದದ ತಲೆ ಎರಡೂ ಸಲ ನಮ್ಮ ಬಾಯಲ್ಲೇ ಇತ್ತು. ಎಲ್ಲ ಪಾಠವನ್ನೂ ಹೀಗೇ ಬಾಲ ಕೊಟ್ಟು ತಲೆ ಇಟ್ಟುಕೊಂಡೆನೇನೋ ಎಂದುಕೊಂಡೆ. ಮೇಷ್ಟ್ರುಗಳೆಲ್ಲ ಬಾಯಿಗೆ ಅಂಗೈ ಒತ್ತಿಕೊಂಡು ಕೂತರು. ಹೇಳಬೇಡಿ ಎಂದು ಸನ್ನೆ ಮಾಡುತ್ತ ಬೋರೇಗೌಡರು ಸೀಟಿಯನ್ನೇ ಕಚ್ಚಿಕೊಂಡರು.

ಟ್ರಿಣ್ ಎನ್ನುವುದಕ್ಕೂ ಮೊದಲು ಚಿಲಿಪಿಲಿ ಎಂದಿತು. ಭವ್ಯ ಎದ್ದು ನಿಂತು, ಯಾರ ಮುಖವನ್ನೂ ನೋಡದೆ, ಒಂದೇ ಉಸಿರಿನಲ್ಲಿ ಹೇಳಿದಳು: “ಗಗನಚುಕ್ಕಿ, ಭರಚುಕ್ಕಿ.” ತಲೆ, ಬಾಲ ಎರಡೂ ಅವಳದೇ. ಮೊದಲು ಎದ್ದು ಚಪ್ಪಾಳೆ ತಟ್ಟಿದವರು ಆ ಮುಖ್ಯೋಪಾಧ್ಯಾಯರು. ಸೋತ ಹುಡುಗ ನಗುತ್ತ ಅವಳ ಕೈ ಕುಲುಕಿದ. ನನಗೆ ಖುಷಿಯಲ್ಲಿ ಏನೋ ಹೇಳಬೇಕೆನ್ನಿಸಿತು. ಬಾಯಿ ತುಂಬ ಕಲ್ಲುಸಕ್ಕರೆ, ಕಣ್ಣಲ್ಲಿ ನೀರು. ಅವಳು ಹತ್ತಿರ ಬಂದು, “ನೀವು ಸುಮ್ಕಿದ್ರಲ್ಲ ಸಾ, ಅಷ್ಟೇ ಸಾಕು” ಎಂದಳು.

ಆ ಕಾರ್ಯಕ್ರಮ ಟಿ.ವಿ.ಯಲ್ಲಿ ಬಂದ ಮಾರನೆಯ ದಿನ ನಾನು ಹೊಸ ಮನುಷ್ಯನಂತೆ ತರಗತಿಗೆ ಹೋದೆ. ಮಕ್ಕಳೆಲ್ಲ ನೋಡಿದ್ದರು; ಒಳಗೊಳಗೇ ಕಿಸಿಕಿಸಿ ನಗುತ್ತಿದ್ದರು. ಮೇಜು ಕುಟ್ಟಿ, ಗಂಭೀರವಾಗಿ ಹೇಳಿದೆ: “ನೋಡಿ ಮಕ್ಕಳೇ, ಉತ್ತರ ಅಂದರೆ ಪೂರ್ತಿ ಉತ್ತರ. ತಲೆಯೂ ನಿಮ್ಮದೇ ಆಗಿರಬೇಕು. ಇನ್ನು ಮೇಲೆ ಈ ತರಗತಿಯಲ್ಲಿ ಅರ್ಧ ಹೇಳಿಕೊಡುವುದು ಸಂಪೂರ್ಣ ಬಂ...?”

ಹುಬ್ಬೇರಿಸಿಕೊಂಡು ಕಾದೆ. ಒಂದು ಮಗುವೂ ತುಟಿ ಬಿಚ್ಚಲಿಲ್ಲ. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತು ಹೇಳಿದಳು:

“ಪೂರ್ತಿ ಯೋಳಿ ಸಾ, ಟೈಮ್ ಆಯ್ತದೆ.”